ಬಲವೂ ಸಂವೇಗವೂ: ಮೂರು ಊರುಗಳ ಮೂರು ಲೆಕ್ಕಗಳು

ಭೌತಶಾಸ್ತ್ರವನ್ನು ಕಲಿಯತೊಡಗಿದ ವಿದ್ಯಾರ್ಥಿಗಳಲ್ಲಿ ಬಹು ಮಂದಿಗೆ ಬಲ, ಸಂವೇಗ ಎಂಬ ಎರಡು ಪ್ರಕರಣಗಳಲ್ಲಿಯೇ ಮೊದಲ ತಡೆಯುಂಟಾಗುತ್ತದೆ. ಸೂತ್ರಗಳು ಬಾಯಿಗೆ ಬಂದಿರುತ್ತವೆ; ಗುಣಿಸುವುದೂ ಭಾಗಿಸುವುದೂ ತಿಳಿದಿರುತ್ತದೆ; ಆದರೂ ಉತ್ತರವು ತಪ್ಪಾಗುತ್ತದೆ. ಯಾವ ವಸ್ತುವಿನ ವಿಚಾರವನ್ನು ಮಾಡುತ್ತಿದ್ದೇವೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳದೆ ಲೆಕ್ಕಕ್ಕೆ ಕೈಹಾಕುವುದೇ ಇದಕ್ಕೆ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ. ಈ ಒಂದು ಮಾತನ್ನು ಮೂರು ಲೆಕ್ಕಗಳಿಂದ ಸ್ಪಷ್ಟಪಡಿಸೋಣ.

ಲೆಕ್ಕಗಳಿಗಾಗಿ ಗದಗ ಜಿಲ್ಲೆಯ ಮೂರು ಊರುಗಳಿಗೆ ಹೋಗೋಣ. ರೋಣದ ಸುತ್ತ ಕಪ್ಪು ಎರೆಯ ಬಯಲು. ನರಗುಂದದಲ್ಲಿ ಬಯಲಿನ ನಡುವೆ ಎದ್ದುನಿಂತ ಕೋಟೆಯ ಗುಡ್ಡ. ಗಜೇಂದ್ರಗಡದ ಕಡೆ ಬೆಟ್ಟದ ಸಾಲು, ಅದರ ಮೇಲೆ ವಿದ್ಯುತ್ತನ್ನು ಹುಟ್ಟಿಸುವ ಗಾಳಿಯಂತ್ರಗಳು. ಸಂಗತಿಗಳು ಅಲ್ಲಿಯವು, ಅಂಕಿಗಳನ್ನು ಮಾತ್ರ ಗಣನೆಯ ಸೌಕರ್ಯಕ್ಕಾಗಿ ನಾವು ಕಲ್ಪಿಸಿಕೊಂಡಿದ್ದೇವೆ.

ಮೊದಲನೆಯದು ರೋಣದ ಚಕ್ಕಡಿ. ನ್ಯೂಟನ್ನನು 1687ರಲ್ಲಿ ಪ್ರಕಟಿಸಿದ ಮೂರನೆಯ ನಿಯಮದಂತೆ, ಎತ್ತುಗಳು ಚಕ್ಕಡಿಯನ್ನು ಎಷ್ಟು ಬಲದಿಂದ ಮುಂದಕ್ಕೆ ಎಳೆಯುವುವೋ ಚಕ್ಕಡಿಯೂ ಅಷ್ಟೇ ಬಲದಿಂದ ಅವನ್ನು ಹಿಂದಕ್ಕೆ ಎಳೆಯುತ್ತದೆ. ಹಾಗಾದರೆ ಎರಡೂ ಸರಿಹೋಗಿ ಚಕ್ಕಡಿ ನಿಂತಲ್ಲೇ ನಿಲ್ಲಬೇಕಲ್ಲವೆ? ತರಗತಿಯಲ್ಲಿ ಯಾವನಾದರೂ ಹುಡುಗನು ಈ ಪ್ರಶ್ನೆಯನ್ನು ಕೇಳಿದರೆ ಅವನನ್ನು ಗದರಿಸಿ ಕೂರಿಸುವುದು ದೊಡ್ಡ ಅನ್ಯಾಯ. ನಿಯಮವನ್ನು ನಿಜವಾಗಿ ಮನಸ್ಸಿಗೆ ತೆಗೆದುಕೊಂಡವನಿಗೇ ಈ ಸಂದೇಹ ಬರುವುದು. ನ್ಯೂಟನ್ನನೂ ತನ್ನ ಗ್ರಂಥದಲ್ಲಿ ಹಗ್ಗದಿಂದ ಕಲ್ಲನ್ನೆಳೆಯುವ ಕುದುರೆಯ ನಿದರ್ಶನವನ್ನೇ ಕೊಟ್ಟಿದ್ದಾನೆ.

ಸಮಾಧಾನವು ಇಷ್ಟೆ. ಆ ಎರಡು ಬಲಗಳು ಸಮವೆಂಬುದು ದಿಟ. ಆದರೆ ಒಂದು ಚಕ್ಕಡಿಯ ಮೇಲೆ ಬೀಳುತ್ತದೆ, ಇನ್ನೊಂದು ಎತ್ತುಗಳ ಮೇಲೆ. ಒಬ್ಬನ ಜಮೆಯನ್ನು ಮತ್ತೊಬ್ಬನ ಖರ್ಚಿಗೆ ವಜಾ ಹಾಕಲಾಗದಂತೆ, ಬೇರೆ ಬೇರೆ ವಸ್ತುಗಳ ಮೇಲಿನ ಬಲಗಳನ್ನು ಒಂದರಿಂದೊಂದು ಕಳೆಯಲಾಗದು.

ಹತ್ತಿಯ ಹೇರು ಸೇರಿ ಚಕ್ಕಡಿಯ ರಾಶಿ 1000 ಕಿಲೋಗ್ರಾಂ, ಜೋಡೆತ್ತುಗಳದು 800 ಕಿಲೋಗ್ರಾಂ ಇರಲಿ. ಒಂದು ಕಿಲೋಗ್ರಾಂ ರಾಶಿಯ ವೇಗವನ್ನು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಒಂದು ಮೀಟರಿನಂತೆ ಹೆಚ್ಚಿಸುವ ಬಲಕ್ಕೆ ಒಂದು ನ್ಯೂಟನ್ ಎಂದು ಹೆಸರು. ಎತ್ತುಗಳ ಸೆಳೆತ 500 ನ್ಯೂಟನ್, ಗಾಲಿಗಳಿಗೆ ನೆಲದ ತಡೆ 300 ನ್ಯೂಟನ್ ಎನ್ನೋಣ. ಈಗ ಚಕ್ಕಡಿಯೊಂದನ್ನೇ ನೋಡಿರಿ. ಮುಂದಕ್ಕೆ ಉಳಿಯುವುದು 200 ನ್ಯೂಟನ್. ಅದನ್ನು 1000ದಿಂದ ಭಾಗಿಸಿದರೆ ವೇಗೋತ್ಕರ್ಷವು 0.2, ಅಂದರೆ ಐದು ಸೆಕೆಂಡುಗಳಲ್ಲಿ ಚಕ್ಕಡಿಯ ವೇಗ ಸೆಕೆಂಡಿಗೆ ಒಂದು ಮೀಟರಾಗುತ್ತದೆ. ಬಳಿಕ ಎತ್ತುಗಳನ್ನು ಮಾತ್ರ ನೋಡಿರಿ. ಅವೂ ಅದೇ ಕ್ರಮದಲ್ಲಿ ಮುಂದುವರಿಯಬೇಕಾದರೆ 160 ನ್ಯೂಟನ್ ಮಿಗಬೇಕು. ಚಕ್ಕಡಿಯೋ 500 ನ್ಯೂಟನ್ನಿನಿಂದ ಹಿಂದೆಳೆಯುತ್ತಿದೆ. ಆದುದರಿಂದ ಅವನ್ನು ಮುಂದೆ ತಳ್ಳುವ ಬಲ 660 ನ್ಯೂಟನ್ ಆಗಿರಬೇಕು. ಅದು ಎಲ್ಲಿಂದ ಬಂತು? ನೆಲದಿಂದ. ಗೊರಸುಗಳು ನೆಲವನ್ನು ಹಿಂದಕ್ಕೆ ಒತ್ತುತ್ತವೆ. ನೆಲವು ಅವನ್ನು ಮುಂದಕ್ಕೆ ನೂಕುತ್ತದೆ. ಕೊನೆಗೆ ಎರಡನ್ನೂ ಕೂಡಿಸಿ ಒಂದೇ ವಸ್ತುವೆಂದು ಭಾವಿಸಿದರೆ ನೊಗದ ಸೆಳೆತವು ಒಳಗಿನ ಮಾತಾಗಿ ಲೆಕ್ಕದಿಂದ ಬಿಟ್ಟುಹೋಗುತ್ತದೆ. 660ರಲ್ಲಿ 300 ಕಳೆದರೆ 360. ಅದನ್ನು 1800ರಿಂದ ಭಾಗಿಸಿದರೆ ಮತ್ತೆ 0.2. ಉತ್ತರಕ್ಕೆ ಇದೇ ತಾಳೆ.

ಮಳೆ ಬಿದ್ದ ಎರೆಯಲ್ಲಿ ಚಕ್ಕಡಿ ಹೂತುಹೋಗುವುದೇಕೆಂಬುದೂ ಇದರಿಂದಲೇ ತಿಳಿಯುತ್ತದೆ. ಗಾಲಿಗೆ ತಡೆ ಹೆಚ್ಚುತ್ತದೆ. ಗೊರಸು ಜಾರುವುದರಿಂದ ನೆಲದ ನೂಕು ಕಡಮೆಯಾಗುತ್ತದೆ. ಗಾಲಿಯ ಕೆಳಗೆ ಕಲ್ಲು, ಕಂಟಿಗಳನ್ನು ಹಾಕುವ ರೈತನು ಸೂತ್ರವನ್ನು ಓದದೆಯೇ ಅದರ ಅರ್ಥವನ್ನು ಬಲ್ಲನು.

ಎರಡನೆಯದು ನರಗುಂದದ ಲೆಕ್ಕ. 1858ರಲ್ಲಿ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಎದ್ದ ಕಾರಣದಿಂದ ಈ ಕೋಟೆಯು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಕೋಟೆಯೆಂದೊಡನೆ ಫಿರಂಗಿಯು ನೆನಪಿಗೆ ಬರುತ್ತದೆ. ಗಾಡಿ ಸಮೇತ 800 ಕಿಲೋಗ್ರಾಮಿನ ಒಂದು ಫಿರಂಗಿಯಿಂದ 4 ಕಿಲೋಗ್ರಾಮಿನ ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಮಟ್ಟವಾಗಿ ಹೊರಟಿತೆನ್ನೋಣ. ರಾಶಿಯನ್ನು ವೇಗದಿಂದ ಗುಣಿಸಿ ಬಂದುದೇ ಸಂವೇಗ. ಇಲ್ಲಿ ಗುಂಡಿನ ಸಂವೇಗ 800. ಇಲ್ಲಿ ವಸ್ತುವೆಂದರೆ ಫಿರಂಗಿ, ಗುಂಡು ಎರಡೂ ಸೇರಿದ ಕೂಟ. ಮದ್ದಿನ ಸ್ಫೋಟವು ಕೂಟದ ಒಳಗಿನ ಬಲ. ಅದು ಒಟ್ಟು ಸಂವೇಗವನ್ನು ಬದಲಿಸಲಾರದು. ಮದ್ದಿನ ರಾಶಿಯನ್ನು ಬಿಟ್ಟರೆ, ಮೊದಲು ಸೊನ್ನೆಯಿದ್ದುದು ಸೊನ್ನೆಯಾಗಿಯೇ ಉಳಿಯಬೇಕು. ಆದುದರಿಂದ ಫಿರಂಗಿಗೆ ಹಿಮ್ಮುಖವಾಗಿ 800 ಸಂವೇಗ ಬರುತ್ತದೆ. ಅಂದರೆ ಅದು ಸೆಕೆಂಡಿಗೆ ಒಂದು ಮೀಟರ್ ವೇಗದಿಂದ ಹಿಂದೆ ಸರಿಯುತ್ತದೆ.

ಸಂವೇಗವು ಸಮವಾಗಿದ್ದರೆ ಗುಂಡು ಮಾತ್ರ ಗೋಡೆಯನ್ನು ಒಡೆಯುವುದೇಕೆ? ಚಲನಶಕ್ತಿಯನ್ನು ಎಣಿಸಿರಿ. ಗುಂಡಿಗೆ 80,000 ಜೂಲ್. ಫಿರಂಗಿಗೆ 400 ಜೂಲ್ ಮಾತ್ರ. ಎರಡರ ಮೇಲೂ ಒಂದೇ ಬಲ ಒಂದೇ ಕಾಲ ಬಿದ್ದಿದೆ. ಆದರೆ ಆ ಕಾಲದಲ್ಲಿ ಗುಂಡು ಇನ್ನೂರು ಪಟ್ಟು ಹೆಚ್ಚು ದೂರ ಸಾಗಿದೆ. ಬಲವನ್ನು ಕಾಲದಿಂದ ಗುಣಿಸಿದರೆ ಸಂವೇಗ, ದೂರದಿಂದ ಗುಣಿಸಿದರೆ ಶಕ್ತಿ. ಈ ಭೇದವನ್ನು ಮನಗಂಡವನು ಅರ್ಧ ಪ್ರಕರಣವನ್ನು ಗೆದ್ದಂತೆ.

ಮೂರನೆಯದು ಗಜೇಂದ್ರಗಡದ ಗಾಳಿ. ಇಲ್ಲಿ ವಸ್ತುವು ಕಣ್ಣಿಗೆ ಕಾಣದು. ಪ್ರತಿ ಸೆಕೆಂಡೂ ಹೊಸದಾಗಿ ಬರುತ್ತಲೂ ಇರುತ್ತದೆ. ಒಂದು ಸೆಕೆಂಡಿನಲ್ಲಿ ಯಂತ್ರದ ಚಕ್ರವನ್ನು ದಾಟುವಷ್ಟು ಗಾಳಿಯನ್ನೇ ನಮ್ಮ ವಸ್ತುವೆಂದು ಹಿಡಿಯೋಣ. ಚಕ್ರವು ಬಳಸುವ ವಿಸ್ತೀರ್ಣ 1000 ಚದರ ಮೀಟರು. ಗಾಳಿ ಬರುವ ವೇಗ ಸೆಕೆಂಡಿಗೆ 8 ಮೀಟರು, ದಾಟಿ ಹೋದ ಮೇಲಿನ ವೇಗ 4 ಮೀಟರು. ಚಕ್ರದ ಬಳಿ ಇವೆರಡರ ಸರಾಸರಿ, ಅಂದರೆ 6 ಮೀಟರು. ಘನಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನಂತೆ ಸೆಕೆಂಡಿಗೆ 6000 ಕಿಲೋಗ್ರಾಂ ಗಾಳಿ ಹಾದುಹೋಗುತ್ತದೆ. ಪ್ರತಿ ಕಿಲೋಗ್ರಾಮಿನ ವೇಗವೂ 4 ಮೀಟರಿನಷ್ಟು ಇಳಿಯುವುದರಿಂದ ಸಂವೇಗದ ಇಳಿತ ಸೆಕೆಂಡಿಗೆ 24,000. ಚಕ್ರವು ಗಾಳಿಯನ್ನು ತಡೆಯುವ ಬಲ ಇದೇ. ಗಾಳಿಯು ಚಕ್ರವನ್ನು ನೂಕುವ ಬಲವೂ ಇದೇ, 24,000 ನ್ಯೂಟನ್. ಕಂಬದ ಬುಡವನ್ನು ಭದ್ರವಾಗಿ ಹೂಳಬೇಕಾದುದು ಇದಕ್ಕಾಗಿಯೇ. ಈ ಬಲವನ್ನು 6ರಿಂದ ಗುಣಿಸಿದರೆ ಗಾಳಿಯಿಂದ ದೊರೆಯುವ ಸಾಮರ್ಥ್ಯವು 1,44,000 ವ್ಯಾಟ್. ಗಾಳಿಯು ಕಳೆದುಕೊಂಡ ಚಲನಶಕ್ತಿಯನ್ನು ಬೇರೆಯಾಗಿ ಎಣಿಸಿದರೂ ಅದೇ ಮೊತ್ತ ಬರುತ್ತದೆ.

ಗಾಳಿಯನ್ನು ಪೂರ್ತಿಯಾಗಿ ನಿಲ್ಲಿಸಿ ಶಕ್ತಿಯನ್ನೆಲ್ಲ ಪಡೆಯಬಾರದೇಕೆ ಎಂದು ಕೆಲವರು ಕೇಳಬಹುದು. ನಿಂತ ಗಾಳಿಯು ಹಿಂದೆ ಬರುವ ಗಾಳಿಗೆ ದಾರಿಯನ್ನು ಬಿಡದು. ಬಂದುದು ಚಕ್ರವನ್ನು ಬಿಟ್ಟು ಪಕ್ಕದಿಂದ ಹರಿದುಹೋಗುತ್ತದೆ.

ಮೂರು ಲೆಕ್ಕಗಳಲ್ಲಿಯೂ ನಾವು ಅನುಸರಿಸಿದ ಕ್ರಮವೊಂದೇ. ಮೊದಲು ವಸ್ತುವನ್ನು ಆರಿಸಿ ಅದರ ಸುತ್ತ ಒಂದು ಗೆರೆಯನ್ನೆಳೆಯಬೇಕು, ಹೊರಗಿನಿಂದ ಅದರ ಮೇಲೆ ಬೀಳುವ ಬಲಗಳನ್ನು ಮಾತ್ರ ಬರೆಯಬೇಕು, ದಿಕ್ಕನ್ನು ಗುರುತಿಸಬೇಕು, ಆಮೇಲೆ ಸೂತ್ರಕ್ಕೆ ಕೈಹಾಕಬೇಕು, ಕೊನೆಗೆ ಇನ್ನೊಂದು ದಾರಿಯಿಂದ ತಾಳೆ ನೋಡಬೇಕು. ಮಕ್ಕಳಿಗೆ ಪಾಠ ಹೇಳುವ ತಂದೆತಾಯಿಗಳು ಉತ್ತರವೆಷ್ಟು ಎಂದು ಕೇಳುವ ಮುಂಚೆ, ಯಾವುದರ ಮೇಲಿನ ಬಲ ಎಂದು ಕೇಳಲಿ. ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಮಗುವಿಗೆ ಉಳಿದುದು ಬರಿಯ ಗುಣಾಕಾರ ಭಾಗಾಕಾರ.