ಹೂಳಿನ ಗುಡ್ಡೆಯ ಮೇಲೊಂದು ಗೋಮಾಳ

ಕುರಿ ಹಿಕ್ಕೆಯನ್ನು ನನ್ನ ಮೊಮ್ಮಗಳು ಮೊದಲ ಸಲ ನೋಡಿದ್ದು ಲಂಡನ್ನಿನಲ್ಲಿ. ‘ಅಜ್ಜಿ, ಯಾರೋ ಕಡಲೆಕಾಳು ಚೆಲ್ಲಿಬಿಟ್ಟಿದ್ದಾರೆ’ ಎಂದು ಐದು ವರ್ಷದ ಅವಳು ಬಗ್ಗಿ ಕೈ ಹಾಕುವಷ್ಟರಲ್ಲಿ ಎಂಟರ ಅಣ್ಣ ತೋಳು ಹಿಡಿದೆಳೆದ. ಎದುರಿಗೆ ಕುರಿಗಳು ತಲೆಯೆತ್ತದೆ ಮೇಯುತ್ತಿದ್ದವು. ಅವುಗಳ ಬೆನ್ನ ಹಿಂದೆ ಕೆನರಿ ವಾರ್ಫ್‌ನ ಬ್ಯಾಂಕುಗಳ ಗಾಜಿನ ಕಟ್ಟಡಗಳು, ನಡುವೆ 235 ಮೀಟರ್ ಎತ್ತರದ ಒನ್ ಕೆನಡಾ ಸ್ಕ್ವೇರ್. ಆ ಗೋಪುರವನ್ನು ಮಕ್ಕಳು ದಿನಾ ನೋಡುತ್ತಾರೆ, ಅದರತ್ತ ಕಣ್ಣು ಹಾಯಿಸಲಿಲ್ಲ. ಹಿಕ್ಕೆಯ ಸುತ್ತ ಮಾತ್ರ ಐದು ನಿಮಿಷ ಕುಕ್ಕರುಗಾಲಲ್ಲಿ ಕೂತರು.

ಕಡೂರು ಸೀಮೆಯ ನಮ್ಮ ಮನೆಯ ಕೊಟ್ಟಿಗೆ ಖಾಲಿಯಾಗಿ ಹನ್ನೆರಡು ವರ್ಷವಾಯಿತು. ಕೊನೆಯ ಹಸುವನ್ನು ಹೊಡೆದುಕೊಂಡು ಹೋದ ದಿನ ನಾನು ಹಿತ್ತಲಿಗೆ ಹೋಗಲಿಲ್ಲ. ಈಗ ಅಲ್ಲಿ ಸ್ಕೂಟರ್ ನಿಲ್ಲುತ್ತದೆ. ರಜೆಗೆ ಬಂದ ಮೊಮ್ಮಕ್ಕಳಿಗೆ ನಾನು ತೋರಿಸಬಹುದಾದದ್ದು ಕಲ್ಲಿನ ಗೊಂತು, ಗೋಡೆಗೆ ನೇತುಹಾಕಿದ ಒಂದು ಕಣ್ಣಿಹಗ್ಗ, ಅಷ್ಟೇ. ಹಸು ಎಲ್ಲಿ ಎಂದು ಕೇಳಿದರೆ ಕೆಳಗಿನ ಬೀದಿಗೆ ಕರೆದೊಯ್ಯಬೇಕು. ಆದ್ದರಿಂದ ಈ ಸಲ ಮಗಳ ಮನೆಗೆ ಹೋದಾಗ ಮಕ್ಕಳೇ ನನ್ನ ಕೈಹಿಡಿದು ಡಿಎಲ್ಆರ್ ರೈಲು ಹತ್ತಿಸಿ ‘ಬಾ ಅಜ್ಜಿ, ನಮ್ಮ ಶಾಲೆಯವರು ಕರೆದುಕೊಂಡು ಹೋಗಿದ್ದ ಫಾರ್ಮ್ ತೋರಿಸುತ್ತೇವೆ’ ಎಂದಾಗ, ತೋರಿಸುವವರು ಯಾರು ನೋಡುವವರು ಯಾರು ಎನ್ನುವುದೇ ಅದಲುಬದಲಾಗಿತ್ತು. ಅಣ್ಣ ಶಾಲೆಯ ಜೊತೆ ಒಮ್ಮೆ ಬಂದಿದ್ದ. ತಂಗಿಗೆ ಇದೇ ಮೊದಲು.

ಐಲ್ ಆಫ್ ಡಾಗ್ಸ್ ಎಂಬ ಆ ಜಾಗ, ಥೇಮ್ಸ್ ನದಿ ದೊಡ್ಡದಾಗಿ ತಿರುವು ತೆಗೆದುಕೊಂಡು ಮೂರು ಕಡೆ ಸುತ್ತುವರಿದ ನೆಲ. ಅದರ ನಡುವೆ 32 ಎಕರೆಯ ಮಡ್‌ಚೂಟ್. ಯೂರೋಪಿನ ದೊಡ್ಡ ಸಿಟಿ ಫಾರ್ಮ್‌ಗಳ ಸಾಲಿಗೆ ಸೇರಿದ್ದು. ಒಳಗೆ ಹೋಗಲು ಟಿಕೆಟ್ ಇಲ್ಲ. ಕುರಿ, ಮೇಕೆ, ಕತ್ತೆ, ಹಂದಿ, ಕುದುರೆ, ಕೋಳಿ, ಬಾತು, ಜೊತೆಗೆ ದಕ್ಷಿಣ ಅಮೆರಿಕದ ಲಾಮಾಗಳು. ಉದ್ದ ಕತ್ತಿನ ಲಾಮಾ ಬೇಲಿಯ ಮೇಲಿಂದ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿ ಮುಖ ತಿರುಗಿಸಿತು. ನರಿಗಳು ರಾತ್ರಿ ಬೀದಿ ಬೀದಿ ಸುತ್ತುವ ಊರು ಲಂಡನ್. ಕುರಿಹಿಂಡಿನ ಜೊತೆ ಲಾಮಾ ಬಿಟ್ಟರೆ ಅದು ನರಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ ಎಂದು ಕುರಿ ಸಾಕುವವರು ಹೇಳುತ್ತಾರೆ. ನಮ್ಮ ಕುರುಬರ ನಾಯಿಯ ಕೆಲಸವನ್ನೇ ಅದು ಮಾಡುತ್ತದೆ.

ಕುರಿಮನೆಯಲ್ಲಿ ಸ್ವಯಂಸೇವಕಿಯೊಬ್ಬರು ಮಕ್ಕಳನ್ನು ನಿಲ್ಲಿಸಿಕೊಂಡು ಒಂದು ಪ್ರಶ್ನೆ ಹಾಕಿದರು: ಕುರಿಗೆ ಮೇಲಿನ ದವಡೆಯ ಮುಂಭಾಗದಲ್ಲಿ ಎಷ್ಟು ಹಲ್ಲು? ಒಬ್ಬ ಹತ್ತು ಎಂದ, ಒಬ್ಬಳು ನೂರು ಎಂದಳು. ನನಗೆ ತಡೆಯಲಾಗಲಿಲ್ಲ. ‘ಒಂದೂ ಇಲ್ಲ’ ಎಂದೆ. ಹಸುವಿಗೂ ಇಲ್ಲ, ಮೇಕೆಗೂ ಇಲ್ಲ. ಮೆಲುಕು ಹಾಕುವ ಈ ಪ್ರಾಣಿಗಳಿಗೆ ಮುಂದೆ ಮೇಲುಗಡೆ ಗಟ್ಟಿ ವಸಡಷ್ಟೇ. ಕೆಳಹಲ್ಲನ್ನು ಅದಕ್ಕೊತ್ತಿ ಹುಲ್ಲು ಕೀಳುತ್ತವೆ. ಸಂತೆಯಲ್ಲಿ ಎತ್ತು ಕೊಳ್ಳುವಾಗ ನಮ್ಮಪ್ಪ ಕೆಳದುಟಿ ಬಿಡಿಸಿ ‘ಎರಡಲ್ಲು, ನಾಲ್ಕಲ್ಲು, ಬಾಯಿಗೂಡಿದೆ’ ಎಂದು ವಯಸ್ಸು ಹೇಳುತ್ತಿದ್ದುದನ್ನು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ವಿವರಿಸಿದೆ. ಆಕೆ ಒಂದು ಕುರಿಯನ್ನು ಹಿಡಿದು ತುಟಿ ಬಿಡಿಸಿ ಕೊಟ್ಟರು. ಎರಡಲ್ಲು. ಒಂದು ವರ್ಷ ದಾಟಿದೆ, ಎರಡು ತುಂಬಿಲ್ಲ ಎಂದೆ. ಸರಿ ಎಂದು ತಲೆಯಾಡಿಸಿದರು. ನನ್ನ ಮೊಮ್ಮಗ ನನ್ನನ್ನು ಆವತ್ತು ನೋಡಿದ ಹಾಗೆ ಹಿಂದೆಂದೂ ನೋಡಿರಲಿಲ್ಲ. ಆಮೇಲೆ ಅವನು ಉಣ್ಣೆಯೊಳಗೆ ಬೆರಳು ತೂರಿಸಿ, ಜಿಡ್ಡು ಮೂಸಿ, ಮನೆಗೆ ಬರುವವರೆಗೂ ಕೈ ತೊಳೆಯಲು ಒಪ್ಪಲಿಲ್ಲ.

ಮಡ್‌ಚೂಟ್ ಎಂಬ ಹೆಸರೇ ನನ್ನನ್ನು ಹಿಡಿದುಕೊಂಡಿತು. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ತಡೆದುಕೊಳ್ಳಿ. ಮಡ್ ಎಂದರೆ ಕೆಸರು, ಚೂಟ್ ಎಂದರೆ ಜಾರುಕೊಳವೆ. 1868ರಲ್ಲಿ ಇಲ್ಲಿ ಮಿಲ್‌ವಾಲ್ ಡಾಕ್ ತೆರೆಯಿತು. ಥೇಮ್ಸ್ ಉಬ್ಬರವಿಳಿತದ ನದಿ, ಅದರ ನೀರಿನ ಜೊತೆ ಹಡಗುಕಟ್ಟೆಗೆ ಹೂಳು ಬರುತ್ತಲೇ ಇರುತ್ತದೆ. ತೆಗೆಯದಿದ್ದರೆ ಹಡಗು ನೆಲ ಕಚ್ಚುತ್ತದೆ. ತೆಗೆದ ಹೂಳನ್ನು ಗಾಳಿಯ ಒತ್ತಡದಿಂದ ಕೊಳವೆಯಲ್ಲಿ ತಳ್ಳಿ, ಈಸ್ಟ್ ಫೆರಿ ರಸ್ತೆಯನ್ನು ದಾಟಿಸಿ, ಪಕ್ಕದ ಬಯಲಿಗೆ ಸುರಿದರು. ವರ್ಷಾನುಗಟ್ಟಲೆ ಸುರಿದದ್ದು ಗುಡ್ಡೆಯಾಯಿತು, ಗುಡ್ಡೆ ಒಣಗಿತು, ಹುಲ್ಲು ಬಂತು. ಇಂದು ಕುರಿ ಮೇಯುವ ಏರು ತಗ್ಗೆಲ್ಲ ಒಂದು ಕಾಲದ ಹಡಗುಕಟ್ಟೆಯ ತಳ.

ಹೂಳಿನ ಬೆಲೆ ಬಲ್ಲವರು ನಾವು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿಕೊಂಡು ಹೋಗಿ ಗೋಡು ತುಂಬಿ ತಂದು ಹೊಲಕ್ಕೆ ಹೊಡೆಯುತ್ತಿದ್ದ ಊರು ನಮ್ಮದು. ಆ ವರ್ಷ ರಾಗಿ ತೆನೆ ಬಾಗಿ ನಿಲ್ಲುತ್ತಿತ್ತು. ಲಂಡನ್ನಿನವರು ಅದೇ ಹೂಳನ್ನು ಕಸವೆಂದು ಎಸೆದರು, ನೆಲ ತಾನೇ ತಾನಾಗಿ ಅದನ್ನು ಹುಲ್ಲುಗಾವಲು ಮಾಡಿತು. ಅದಕ್ಕೂ ಹಿಂದೆ, ಹಡಗುಕಟ್ಟೆಗಳು ಬರುವ ಮೊದಲು, ಸ್ಟೆಪ್ನಿ ಮಾರ್ಶ್ ಎಂದು ಕರೆಸಿಕೊಳ್ಳುತ್ತಿದ್ದ ಈ ಜವುಗು ಸೀಮೆ ದನಕುರಿ ಮೇಯುವ ಬಯಲೇ ಆಗಿತ್ತಂತೆ. ಸುತ್ತಿ ಸುತ್ತಿ ಅದು ತನ್ನ ಹಳೆಯ ಕಸುಬಿಗೇ ಮರಳಿದೆ.

ಉಳಿದ ಚರಿತ್ರೆಯನ್ನು ಬೇಗ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಗುಡ್ಡೆಯ ಮೇಲೆ ವಿಮಾನ ಹೊಡೆಯುವ ಫಿರಂಗಿಗಳನ್ನು ಹೂಡಿದ್ದರು, ಒಂದು ಫಿರಂಗಿ ಈಗಲೂ ಅಲ್ಲಿದೆ, ಮಕ್ಕಳು ಹತ್ತಿ ಕೂರಲು ನೋಡುತ್ತಾರೆ. 1974ರಲ್ಲಿ ಗ್ರೇಟರ್ ಲಂಡನ್ ಕೌನ್ಸಿಲ್ ಇಲ್ಲಿ ಬಹುಮಹಡಿ ವಸತಿ ಕಟ್ಟಲು ಹೊರಟಿತು. ನೆರೆಯವರು ಬಿಡಲಿಲ್ಲ. 1977ರಲ್ಲಿ ಮಡ್‌ಚೂಟ್ ಸಂಘ ಕಟ್ಟಿದರು, ದನಕುರಿ ತಂದರು, ಕುದುರೆ ತಂದರು. ಕೆಂಟಿಶ್ ಟೌನ್‌ನಲ್ಲಿ 1972ರಲ್ಲಿ ಶುರುವಾದ ಸಿಟಿ ಫಾರ್ಮ್ ಅವರ ಕಣ್ಣೆದುರಿಗಿತ್ತು.

ಐಲ್ ಆಫ್ ಡಾಗ್ಸ್‌ನ ಜನ ಸುಮ್ಮನೆ ಕೂರುವವರಲ್ಲ. 1970ರ ಮಾರ್ಚ್ 1ರಂದು, ಬಸ್ಸಿಲ್ಲ ಶಾಲೆಯಿಲ್ಲ ಎಂದು ಸಿಟ್ಟಿಗೆದ್ದು, ಟೆಡ್ ಜಾನ್ಸ್ ಎಂಬ ಸ್ಥಳೀಯ ಮುಖಂಡನನ್ನು ಅಧ್ಯಕ್ಷನೆಂದು ಸಾರಿ, ರಸ್ತೆಗೆ ಅಡ್ಡ ನಿಂತು, ಸ್ವಾತಂತ್ರ್ಯ ಘೋಷಿಸಿಕೊಂಡಿದ್ದರು. 1980ರಲ್ಲಿ ಹಡಗುಕಟ್ಟೆ ಮುಚ್ಚಿತು, ದುಡಿಯುವವರು ಕೆಲಸ ಕಳೆದುಕೊಂಡರು. ಅದೇ ದಶಕದಲ್ಲಿ ಕೆನರಿ ವಾರ್ಫ್‌ನ ಗುದ್ದಲಿಪೂಜೆಗೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಬಂದಾಗ ಇದೇ ಜನ ಸಮಾರಂಭದ ನಡುವೆ ಕುರಿಹಿಂಡನ್ನು ನುಗ್ಗಿಸಿ, ಜೇನುಹುಳುಗಳನ್ನು ಬಿಟ್ಟರು. ಗೋಪುರ ನಿಲ್ಲಲಿಲ್ಲವೇ? ನಿಂತಿತು. ಆದರೆ ಗುಡ್ಡೆಯ ಮೇಲೆ ಕುರಿಗಳೂ ನಿಂತವು. ಅಷ್ಟು ಬೆಲೆಬಾಳುವ ನೆಲದ ಪಕ್ಕದಲ್ಲಿ 32 ಎಕರೆ ಹುಲ್ಲು ಉಳಿಸಿಕೊಳ್ಳುವುದು ಸಣ್ಣ ಗೆಲುವಲ್ಲ.

ಅಳಿಯ ಇದನ್ನು ಒಪ್ಪುವುದಿಲ್ಲ. ಹಾಲಿನ ಲೆಕ್ಕ, ಸಾಲದ ಕಂತು ಇಲ್ಲದ ಜಾಗವನ್ನು ಫಾರ್ಮ್ ಎನ್ನುವುದು ಹೇಗೆ, ಅದು ಬರೀ ತೋರಿಕೆ ಎನ್ನುತ್ತಾನೆ. ಅವನ ಮಾತಿನಲ್ಲಿ ಅರ್ಧ ನಿಜವಿದೆ. ಹೊತ್ತಿಗೆ ಮುಂಚೆ ಎದ್ದು ಸಗಣಿ ಬಾಚಿ, ಗಂಜಲ ಹೊಡೆದು, ಡೇರಿಗೆ ಹಾಲು ಹಾಕಿ ಬಂದು ಒಲೆ ಹಚ್ಚುತ್ತಿದ್ದ ನನ್ನ ಅತ್ತೆಯ ಸೊಂಟನೋವನ್ನು ಮಡ್‌ಚೂಟ್ ಯಾವ ಮಗುವಿಗೂ ಕಲಿಸುವುದಿಲ್ಲ. ಆದರೂ ಎರಡಲ್ಲಿನ ಕುರಿಯನ್ನು ಗುರುತಿಸಲು ನನ್ನ ಮೊಮ್ಮಗ ಕಲಿತದ್ದು ಅಲ್ಲಿ, ನನ್ನ ಕೊಟ್ಟಿಗೆಯಲ್ಲಲ್ಲ.

ರೈಲಿನಲ್ಲಿ ಹಿಂತಿರುಗುವಾಗ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತಿತು. ನಮ್ಮ ರಾಜ್ಯದ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ ಊರಲ್ಲೂ ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ ಬಿಡಬೇಕು. ಅಂದರೆ 30 ಎಕರೆಗೆ ಕೂದಲೆಳೆಯಷ್ಟು ಕಡಿಮೆ. ಮಡ್‌ಚೂಟ್ 32 ಎಕರೆ. ಕರ್ನಾಟಕದ ಕಾನೂನು ನೂರು ದನದ ಊರಿಗೆ ಕೊಡುವ ಗೋಮಾಳವನ್ನು, ಎರಡು ಎಕರೆ ಸೇರಿಸಿ, ಲಂಡನ್ನಿನ ನಟ್ಟನಡುವೆ ಕಾದುಕೊಂಡಿದ್ದಾರೆ! ನಮ್ಮಲ್ಲಿ? ಅಜ್ಜಂಪುರದ ಅಮೃತಮಹಲ್ ತಳಿಯನ್ನು ಹೊಗಳದವರಿಲ್ಲ. ಆ ತಳಿಗೆಂದು ಮೈಸೂರಿನ ಅರಸರ ಕಾಲದಿಂದ ಬಿಟ್ಟ ಕಾವಲುಗಳ ಪಾಡು ಏನಾಯಿತು ಎಂದು ಚಳ್ಳಕೆರೆಯವರನ್ನು ಕೇಳಬೇಕು. ಅಲ್ಲಿ ಸಾವಿರಾರು ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಕಾಂಪೌಂಡಿನೊಳಗೆ ಸೇರಿತು. ಸಂಸ್ಥೆಗಳು ಬೇಡವೆನ್ನುವುದಿಲ್ಲ. ಕುರಿ ಕಾಯುವವನ ದಾರಿಯನ್ನು ಮುಚ್ಚಿ ಕಟ್ಟಿದ್ದು ತಪ್ಪು.

ಲಂಡನ್ನಿಗೆ ಹೋಗುವ ಕನ್ನಡಿಗರು ಲ್ಯಾಂಬೆತ್‌ನಲ್ಲಿ ಥೇಮ್ಸ್ ದಂಡೆಯ ಬಸವೇಶ್ವರರ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಳ್ಳದೆ ಬರುವುದಿಲ್ಲ. 2015ರ ನವೆಂಬರ್ 14ರಂದು ಅನಾವರಣಗೊಂಡದ್ದು. ನಾವೂ ತೆಗೆಸಿಕೊಂಡೆವು. ಬಸವ ಎಂದರೆ ಎತ್ತು ಎಂದು ಮೊಮ್ಮಗಳಿಗೆ ಹೇಳಿದ್ದಕ್ಕೆ ‘ಹಾಗಾದರೆ ಎತ್ತು ಎಲ್ಲಿ?’ ಎಂದು ಸುತ್ತ ಹುಡುಕಿದಳು. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಎಪ್ಪತ್ತರ ದಶಕದಲ್ಲೇ ಹುಟ್ಟಿದ ವಾಕ್ಸ್‌ಹಾಲ್ ಸಿಟಿ ಫಾರ್ಮ್ ಇದೆ. ಮಕ್ಕಳು ಜೊತೆಗಿದ್ದರೆ ಅಲ್ಲಿಗೂ ಹೋಗಿ ಬನ್ನಿ.

ಇನ್ನೊಂದು ಮಾತು, ಊರಲ್ಲೇ ಇರುವ ಅಜ್ಜ ಅಜ್ಜಿಯರಿಗೆ. ನಿಮ್ಮೂರ ಗೋಮಾಳದ ಸರ್ವೆ ನಂಬರ್ ಯಾವುದೆಂದು ಗ್ರಾಮ ಆಡಳಿತ ಅಧಿಕಾರಿಯನ್ನು (ಹಿಂದಿನ ಗ್ರಾಮ ಲೆಕ್ಕಿಗರು) ಕೇಳಿ, ಪಹಣಿ ತೆಗೆಸಿ, ಎಷ್ಟು ಎಕರೆ ಬರೆದಿದೆ, ಎಷ್ಟು ಉಳಿದಿದೆ ನೋಡಿ. ಬೇಸಿಗೆ ರಜೆಗೆ ಮೊಮ್ಮಕ್ಕಳು ಬಂದಾಗ ಅವರ ಕೈಹಿಡಿದು ಅದರ ಗಡಿಕಲ್ಲಿನ ತನಕ ನಡೆಸಿಕೊಂಡು ಹೋಗಿ. ಈ ಏಪ್ರಿಲ್‌ನಲ್ಲಿ ನಮ್ಮ ಮಕ್ಕಳು ಬರುತ್ತಾರೆ, ನಾನೂ ಹೊರಡುತ್ತೇನೆ.