ಗಣಕಯಂತ್ರದ ವೇಗವೂ ಲೆಕ್ಕದ ಭದ್ರತೆಯೂ

ಫಸಲಿನ ಮತ್ತು ಸಾಲದ ಲೆಕ್ಕಗಳನ್ನು ಗಣಕಯಂತ್ರದಲ್ಲಿಡುವ ಹಿಡುವಳಿದಾರರು ಈಗ ಅನೇಕರಿರುವರು. ಅವರ ಮನೆಯ ತರುಣರು ಯಂತ್ರದ ವೇಗವನ್ನು ಹೆಚ್ಚಿಸಲು ಕೈಹಾಕುವುದೂ ಉಂಟು. ಆದುದರಿಂದ ನನ್ನ ಅನುಭವವನ್ನು ಇಲ್ಲಿ ಅರಿಕೆಮಾಡುತ್ತೇನೆ.

1998ರಲ್ಲಿ ಇಂಟೆಲ್ ಕಂಪನಿಯವರು ಹೊರತಂದ ಸೆಲೆರಾನ್ 300ಎ ಎಂಬ ಪ್ರೊಸೆಸರು ಹವ್ಯಾಸಿಗಳಲ್ಲಿ ಬಹು ಪ್ರಸಿದ್ಧವಾದುದು. ಇದರ ಗುಣಕವು 4.5; ಅದನ್ನು ಬದಲಿಸಲಾಗದು. ಆದರೆ ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸಿಗೆ ಏರಿಸಿದಲ್ಲಿ, 300ರ ಪ್ರೊಸೆಸರು 450ರಲ್ಲಿ ನಡೆಯುವುದು. ಖರ್ಚಿಲ್ಲದೆ ಒಂದೂವರೆಪಟ್ಟು ವೇಗ! ಯಾರಿಗೆ ಆಸೆಯಾಗದು?

ನಾನೂ ಇಂತಹ ಹಳೆಯ ಯಂತ್ರವೊಂದನ್ನು ಏರಿಸಿದೆನು. ಒಂದು ವಾರ ಯಾವ ದೋಷವೂ ತೋರಲಿಲ್ಲ. ಅನಂತರ ಮಳೆಯ ಲೆಕ್ಕದ ಕಡತವು ತೆರೆಯದಾಯಿತು. ಕೈಬರಹದ ಪುಸ್ತಕವು ಉಳಿದಿದ್ದುದರಿಂದ ಮೂರು ರಾತ್ರಿ ಕುಳಿತು ಪುನಃ ಬರೆದುಕೊಂಡೆನು. ಯಂತ್ರವು ನಿಂತುಹೋಗಿದ್ದರೆ ಒಡನೆ ತಿಳಿಯುತ್ತಿತ್ತು. ಅದು ತಪ್ಪು ಎಣಿಸುತ್ತಲೇ ನಡೆದಿತ್ತು.

ಇಂತಹ ತಪ್ಪನ್ನು ಹಿಡಿಯುವ ತಂತ್ರಾಂಶಗಳು ಎರಡುಂಟು. ಮೆಮ್‌ಟೆಸ್ಟ್86 ಎಂಬುದು ಮೆಮೊರಿಯ ಸ್ಥಾನಗಳಲ್ಲಿ ಗೊತ್ತಾದ ಮಾದರಿಯನ್ನು ಬರೆದು, ಪುನಃ ಓದಿ ಹೋಲಿಸುವುದು. ಪ್ರೈಮ್95 ಎಂಬುದು ಬೃಹತ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಮಾಡಿದುದಾದರೂ, ಉತ್ತರವು ಮೊದಲೇ ತಿಳಿದಿರುವ ದೀರ್ಘ ಲೆಕ್ಕಗಳನ್ನು ಮಾಡಿಸಿ ಪ್ರೊಸೆಸರನ್ನು ಪರೀಕ್ಷಿಸಬಲ್ಲದು. ನನ್ನ ಯಂತ್ರವು ಇದರಲ್ಲಿ ಒಂದು ಗಂಟೆಯೊಳಗೆ ತಪ್ಪಿತು. ಬಿಚ್ಚಿ ನೋಡಲು ಫ್ಯಾನಿನಲ್ಲಿ ಧೂಳು ಕಟ್ಟಿತ್ತು. ಶಾಖವನ್ನು ಸಾಗಿಸುವ ಲೇಪವು ಒಣಗಿತ್ತು. ಇವನ್ನು ಸರಿಪಡಿಸಿದ ಮೇಲೆ ರಾತ್ರಿಯೆಲ್ಲಾ ನಿರ್ದೋಷವಾಗಿ ನಡೆಯಿತು.

ಆದರೂ ಲೆಕ್ಕದ ಕಡತಗಳನ್ನು ಈಗ ನಿಯಮಿತ ವೇಗದ ಬೇರೊಂದು ಯಂತ್ರದಲ್ಲಿಟ್ಟು, ಪ್ರತಿ ಶನಿವಾರವೂ ನಕಲು ತೆಗೆಯುತ್ತಿರುವೆನು.