ಕಾಗುಣಿತ ಕಳೆದುಕೊಂಡ ಊರುಗಳು

ಕೊಲ್ಹಾಪುರದ ಪರಿಸರದಲ್ಲಿ ಶಿಲಾಹಾರರ ಕಾಲದ ಕನ್ನಡ ಶಾಸನಗಳು ದೊರೆತಿವೆ. ಗಡಹಿಂಗ್ಲಜ, ಇಚಲಕರಂಜಿಗಳಲ್ಲಿ ಮರಾಠಿಯೊಡನೆ ಕನ್ನಡ ಇಂದಿಗೂ ಕೇಳಿಬರುತ್ತದೆ. ಈ ಊರುಗಳ ಕನ್ನಡ ದಾಖಲೆಗಳ ಸೂಚಿಯೊಂದನ್ನು ಅಂತರಜಾಲದಲ್ಲಿ ಇರಿಸುವುದಾದರೆ, ಡೇಟಾಬೇಸನ್ನು ನೆಚ್ಚಿದ ತಾಣಕ್ಕಿಂತ ಸ್ಥಿರ ಪುಟಗಳ ತಾಣವೇ ಮೇಲು. ಅನುದಾನ ನಿಂತ ಮೇಲೂ ಅದನ್ನು ಬೇರೊಂದು ಸರ್ವರಿಗೆ ನಕಲಿಸಿ ಉಳಿಸಿಕೊಳ್ಳಬಹುದು.

ಸರಳ ಪಠ್ಯಕಡತಗಳಿಂದ ಅಂಥ ಪುಟಗಳನ್ನು ಸಿದ್ಧಪಡಿಸುವ ತಂತ್ರಾಂಶವೇ ಸ್ಟ್ಯಾಟಿಕ್ ಸೈಟ್ ಜನರೇಟರ್. ರೂಬಿ ಭಾಷೆಯ ಜೆಕಿಲ್ (2008) ಪ್ರಸಿದ್ಧವಾದುದು. ಅದರಿಂದ ಪ್ರೇರಿತವಾದ ಹಕಿಲ್ ಇರುವುದು ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯಲ್ಲಿ. ಪಠ್ಯದ ರೂಪಾಂತರಕ್ಕೆ ಅದು ಬಳಸುವ ಪ್ಯಾಂಡಾಕ್, ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್ ಅವರ ಕೃತಿ ಎಂಬುದು ಮಾನವಿಕ ವಿಭಾಗದವರಿಗೆ ತುಸು ಸಮಾಧಾನ ತರಬೇಕು.

ಹಕಿಲ್ ಜೀವಂತವಾಗಿದೆ. ಆದರೆ ಪೋಷಕರಿಲ್ಲದೆ ನಿಂತುಹೋದ ಇದೇ ಬಗೆಯ ಜನರೇಟರೊಂದನ್ನು ಪುನರುಜ್ಜೀವಿಸುವುದೆಂದರೇನು? ಮುಕ್ತ ಪರವಾನಗಿಯಿರುವುದರಿಂದ ಯಾರಾದರೂ ಆ ಸಂಕೇತಪಾಠವನ್ನು ಕೈಗೆತ್ತಿಕೊಳ್ಳಬಹುದು. ಹೊಸ ಕಂಪೈಲರ್ ಮೊದಲು ಅದನ್ನು ನಿರಾಕರಿಸುತ್ತದೆ: ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರ್‌ನಲ್ಲಿ 2015 ಮತ್ತು 2018ರಲ್ಲಿ ಆದ ಮೂಲಭೂತ ಬದಲಾವಣೆಗಳಿಂದ ಎಷ್ಟೋ ಹಳೆಯ ಸಂಕೇತಪಾಠಗಳು ಒಡೆದವು. ಇದು ಕಷ್ಟವಲ್ಲ, ಬೇಸರದ ಕೆಲಸ ಮಾತ್ರ. ಪ್ರತಿಯೊಂದು ಮೌಲ್ಯದ ಮಾದರಿಯನ್ನೂ ಪರೀಕ್ಷಿಸುವ ಭಾಷೆಯಾದ್ದರಿಂದ ತಪ್ಪಿದ ಸಾಲನ್ನು ಕಂಪೈಲರೇ ತೋರಿಸುತ್ತದೆ.

ಅದು ತೋರಿಸದ ತಪ್ಪು ಬೇರೆಯೇ ಇದೆ. ಶೀರ್ಷಿಕೆಯಿಂದ ಪುಟದ ವಿಳಾಸವನ್ನು ರಚಿಸುವಾಗ ‘ಅಕ್ಷರ, ಅಂಕಿಗಳನ್ನಷ್ಟೇ ಉಳಿಸು’ ಎಂಬ ನಿಯಮವನ್ನು ಬರೆದಿದ್ದಾರೆಂದು ಭಾವಿಸೋಣ. ಯೂನಿಕೋಡ್ ವರ್ಗೀಕರಣದಲ್ಲಿ ಸ್ವರ, ವ್ಯಂಜನಗಳು ಅಕ್ಷರಗಳು. ಕಾಗುಣಿತದ ಚಿಹ್ನೆ, ಅನುಸ್ವಾರ, ಹಲಂತಗಳು ಬೇರೆ ವರ್ಗದ ಗುರುತುಗಳು. ಆದುದರಿಂದ ಗಡಹಿಂಗ್ಲಜವು ‘ಗಡಹಗಲಜ’ವಾಗುತ್ತದೆ, ಇಚಲಕರಂಜಿ ‘ಇಚಲಕರಜ’, ಕೊಲ್ಹಾಪುರ ‘ಕಲಹಪರ’. ಗಡಿಪ್ರದೇಶದ ಊರಿಗೆ ಯಂತ್ರ ಕೊಟ್ಟ ಈ ಹೆಸರು ಕೇವಲ ಆಕಸ್ಮಿಕ. ದೇವನಾಗರಿಯ ಸ್ವರಚಿಹ್ನೆಗಳೂ ಅದೇ ವರ್ಗದವಾದ್ದರಿಂದ ಮರಾಠಿಯ ಪುಟಕ್ಕೂ ಇದೇ ಗತಿ ಎಂಬುದನ್ನು ಎರಡೂ ಕಡೆಯವರು ಗಮನಿಸಬಹುದು.

ನಗುವಿನ ಹಿಂದೆ ನಷ್ಟವಿದೆ. ಕಾಲ, ಕೂಲಿ, ಕೋಲು ಎಂಬ ಮೂರು ಶೀರ್ಷಿಕೆಗಳೂ ‘ಕಲ’ ಎಂಬ ಒಂದೇ ವಿಳಾಸಕ್ಕೆ ಬರುತ್ತವೆ; ತಡೆಯಿರದಿದ್ದರೆ ಕೊನೆಯ ಪುಟ ಮೊದಲೆರಡನ್ನು ಸದ್ದಿಲ್ಲದೆ ಅಳಿಸುತ್ತದೆ. ಕಂಪೈಲರ್‌ಗೆ ಇದರಲ್ಲಿ ದೋಷವೇನೂ ಕಾಣದು, ಏಕೆಂದರೆ ಅಕ್ಷರಮಾಲೆ ಹೋಗಿ ಅಕ್ಷರಮಾಲೆಯೇ ಬಂದಿದೆ. ಆದುದರಿಂದ ದುರಸ್ತಿ ಆರಂಭವಾಗುವ ಮೊದಲೇ ಇಂಥ ಪದಗಳ ಪರೀಕ್ಷಾಕಡತವೊಂದನ್ನು ಕನ್ನಡ ಬಲ್ಲವರು ಸಿದ್ಧಪಡಿಸಬೇಕು. ‘ಳ’ಕಾರವನ್ನೂ ಅದರಲ್ಲಿ ಸೇರಿಸುವುದು ಲೇಸು: ಯೂನಿಕೋಡ್ ಕ್ರಮಾಂಕದಂತೆ ಜೋಡಿಸಿದರೆ ಅದು ವರ್ಣಮಾಲೆಯ ಕೊನೆಯಲ್ಲಿರದೆ ‘ಲ’ದ ಬೆನ್ನಿಗೇ ಬರುತ್ತದೆ.

ನಿಯಮವನ್ನು ತಿದ್ದಿ ಗುರುತುಗಳನ್ನು ಉಳಿಸುವುದು ಒಂದು ಸಾಲಿನ ಕೆಲಸ. ಆದರೆ ಹಳೆಯ ತಾಣ ಈಗಾಗಲೇ ‘ಕಲಹಪರ’ ಎಂಬ ವಿಳಾಸದಲ್ಲಿ ಪ್ರಕಟವಾಗಿ, ಯಾವುದೋ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಅದು ಉಲ್ಲೇಖಗೊಂಡಿದ್ದರೆ, ತಿದ್ದುಪಡಿಯೇ ಆ ಉಲ್ಲೇಖವನ್ನು ಮುರಿಯುತ್ತದೆ. ಗ್ರಂಥಸಂಪಾದಕರು ಲಿಪಿಕಾರನ ಸ್ಖಾಲಿತ್ಯವನ್ನು ಪಾಠಾಂತರವಾಗಿ ಕೆಳಗೆ ಉಳಿಸುವಂತೆ, ಹಳೆಯ ವಿಳಾಸದಲ್ಲೂ ಒಂದು ಪುಟವನ್ನಿರಿಸಿ, ಅಲ್ಲಿಗೆ ಬಂದವರನ್ನು ಕೊಲ್ಹಾಪುರಕ್ಕೆ ಕಳುಹಿಸಬೇಕಾಗುತ್ತದೆ.